ಚಂಪವ್ವನ ಪಡಿಮೈ

ಚಂಪವ್ವ ಮೊದಲ ಸಲ ಸತ್ತದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದೂವರೆಗೆ. ಆ ಹೊತ್ತಿನಲ್ಲಿ ಅವಳು ಬೆಟಗೇರಿಯ ತನ್ನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಸತ್ತ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅಲ್ಲಿಂದ ಎರಡು ಮೈಲಿ ದೂರದ ಗುಳಿಗೆ ಹೊಂದಾಣಿಕೆ ಕೇಂದ್ರದಲ್ಲಿ, ಪರದೆಯ ಮುಂದೆ ಕೂತಿದ್ದ ಅವಳ ಸೊಸೆ ದಾಕ್ಷಾಯಣಿಗೆ.

ಆ ಕೇಂದ್ರ ಶುರುವಾಗಿ ಮೂರು ವರ್ಷವಾಗಿತ್ತು. ಅದಕ್ಕೆ ಮುಂಚೆ ಊರಿನ ಪದ್ಧತಿ ಬೇರೆ ಇತ್ತು. ಒಬ್ಬರಿಗೆ ಎರಡು ಕಾಯಿಲೆ ಇದ್ದರೆ ಇಬ್ಬರು ಡಾಕ್ಟರು, ಇಬ್ಬರು ಡಾಕ್ಟರಿಂದ ನಾಲ್ಕು ಚೀಟಿ, ನಾಲ್ಕು ಚೀಟಿಗೆ ಹತ್ತು ಗುಳಿಗೆ. ತಲೆನೋವಿನ ಗುಳಿಗೆಯೂ ನರದ ಗುಳಿಗೆಯೂ ಒಳಗೆ ಹೋಗಿ ಒಂದಕ್ಕೊಂದು ಏನು ಮಾಡಿಕೊಳ್ಳುತ್ತವೆ ಎಂದು ಕೇಳುವವರಿರಲಿಲ್ಲ. ಲಿವರಿನಲ್ಲಿ ಒಂದೇ ಬಾಗಿಲಿನಿಂದ ಎರಡು ಗುಳಿಗೆ ಹೊರಬೀಳಬೇಕಾದರೆ ಒಂದು ಒಳಗೇ ಉಳಿದು ದಿನದಿನಕ್ಕೆ ಹೆಚ್ಚುತ್ತ ಹೋಗುತ್ತದೆ. ಎರಡೂ ನಿದ್ದೆ ತರುವ ಜಾತಿಯವಾದರೆ ನಿದ್ದೆಯ ಜೊತೆಗೆ ಉಸಿರನ್ನೂ ನಿಧಾನ ಮಾಡುತ್ತವೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಇಲ್ಲಿ ಅತಿಯಾಗಬೇಕಾಗಿಯೂ ಇಲ್ಲ, ಜೊತೆಯಾದರೆ ಸಾಕು.

ಕೇಂದ್ರದವರು ರೋಗಿಯಿಂದ ಏಳು ಸಣ್ಣ ಸೀಸೆ ರಕ್ತ, ಬುಡಸಮೇತ ನಾಲ್ಕು ಎಳೆ ಕೂದಲು ತೆಗೆದುಕೊಂಡು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ನಾಡಿ, ಬೆವರು, ಕೈಯ ಚಲನೆ ಎಲ್ಲವನ್ನೂ ಬರೆದುಕೊಳ್ಳುತ್ತದೆ. ಕೂದಲು ತಿಂಗಳಿಗೆ ಅರ್ಧ ಅಂಗುಲದಷ್ಟು ಬೆಳೆಯುವಾಗ ಆ ತಿಂಗಳು ನುಂಗಿದ್ದರ ಗುರುತನ್ನು ಒಳಗಿಟ್ಟುಕೊಳ್ಳುತ್ತದೆ. ಇಷ್ಟು ಸಿಕ್ಕರೆ ಯಂತ್ರ ಅದೇ ಮನುಷ್ಯನ ಇನ್ನೊಂದು ಮೈಯನ್ನು ಅಂಕಿಗಳಲ್ಲಿ ಕಟ್ಟುತ್ತಿತ್ತು. ಅದಕ್ಕೆ ಪಡಿಮೈ ಎಂದು ಹೆಸರು. ಪಡಿಮೈಗೆ ಮುಖವಿಲ್ಲ. ಲಿವರು, ಮೂತ್ರಪಿಂಡ, ನಾಡಿ, ಉಸಿರು, ನೋವು ಇವೆ. ಗುಳಿಗೆಯನ್ನು ಮೊದಲು ಅದಕ್ಕೆ ಕೊಡುವುದು. ಅದರ ಮೂವತ್ತು ದಿನ ನಮ್ಮ ನಲವತ್ತು ನಿಮಿಷದಲ್ಲಿ ಕಳೆಯುತ್ತದೆ. ಅದು ಸುಖವಾಗಿದ್ದರೆ ಗುಳಿಗೆ ರೋಗಿಗೆ. ತಮ್ಮ ಊಟವನ್ನು ಮೊದಲು ಇನ್ನೊಬ್ಬನಿಗೆ ತಿನ್ನಿಸಿ ನೋಡುವ ಭಾಗ್ಯ ಹಿಂದೆ ರಾಜರಿಗಷ್ಟೇ ಇತ್ತು. ಈಗ ಬೆಟಗೇರಿಯ ನೇಕಾರರಿಗೂ ಬಂದಿತ್ತು.

ಅಪಾಯ ಹತ್ತಿರ ಬಂದರೆ ಯಂತ್ರ ಓಟ ಬಿಟ್ಟು ನಮ್ಮ ಗಡಿಯಾರದ ನಡಿಗೆಗೆ ಇಳಿಯುತ್ತಿತ್ತು. ಆಗ ಪಡಿಮೈಯ ಉಸಿರು ಸಣ್ಣ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು, ಪರದೆ ನೋಡುತ್ತ ತೂಕಡಿಸುವವರು ಎಚ್ಚರಗೊಳ್ಳಲಿ ಎಂದು. ಆ ಮಂಗಳವಾರ ದಾಕ್ಷಾಯಣಿ ಕೇಳಿದ್ದು ಅದನ್ನೇ. ಅತ್ತೆಯ ಉಸಿರಿನ ಕೊನೆಯಲ್ಲಿ ಸಣ್ಣದೊಂದು ಸಿಳ್ಳೆಯಿರುತ್ತದೆ, ಸ್ಪೀಕರಿನಲ್ಲೂ ಇತ್ತು. ಉಸಿರು ದೂರ ದೂರವಾಗಿ ಒಂದು ನಿಮಿಷದಲ್ಲಿ ನಿಂತಿತು. ಪರದೆಯ ಮೇಲೆ ಬರೆದಿತ್ತು: ಹತ್ತೊಂಬತ್ತು ದಿನದ ನಂತರದ ಭಾನುವಾರ, ಮಧ್ಯಾಹ್ನ ಮೂರು ಇಪ್ಪತ್ತು.

ಅವಳು ಹೆದರಲಿಲ್ಲ. ಮೂರು ವರ್ಷದಲ್ಲಿ ನಾಲ್ಕು ಪಡಿಮೈಗಳು ಸತ್ತಿದ್ದವು. ಗುಳಿಗೆ ಬದಲಿಸಿದ ಮೇಲೆ ನಾಲ್ಕೂ ಬದುಕಿದ್ದವು, ಅವುಗಳ ಮನುಷ್ಯರು ಇವತ್ತಿಗೂ ಸಂತೆಯಲ್ಲಿ ಸಿಕ್ಕಿ ನಮಸ್ಕಾರ ಹೇಳುತ್ತಿದ್ದರು.

ಸಂಜೆ ಮನೆಗೆ ಬಂದಾಗ ಚಂಪವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಎಡ ಹಣೆಯ ಮೇಲೆ ಸರ್ಪಸುತ್ತು ಎದ್ದು ಮಾಯ್ದಿತ್ತು. ಗುಳ್ಳೆ ಹೋದರೂ ನರದ ಉರಿ ಹೋಗಲಿಲ್ಲ. ಸೆರಗು ತಾಗಿದರೂ ಕೆಂಡ ಇಟ್ಟಂತಾಗುವುದರಿಂದ ಅವಳು ಬಲಗಡೆ ಮಾತ್ರ ಸೆರಗು ಹೊದೆಯುತ್ತಿದ್ದಳು. ಅದರ ಮೇಲೆ ಹರೆಯದಿಂದ ಬಂದ ಅರೆತಲೆನೋವು ಬೇರೆ. ಮೂವರು ಡಾಕ್ಟರು ಸೇರಿ ಐದು ತರದ ಗುಳಿಗೆ ಬರೆದಿದ್ದರು.

“ಕೂಡು, ಬಿಸಿ ರೊಟ್ಟಿ ತಿನ್ನು. ಮಾರಿ ಯಾಕ ಸಣ್ಣದು ಮಾಡ್ಕೊಂಡಿ?”

“ಏನಿಲ್ಲ ಅತ್ತಿ. ನಿಮ್ಮ ಗುಳಿಗಿ ಹೊಂದವಲ್ವು.”

“ನಾನೂ ನೀನೂ ಹೊಂದಾಕ ನಾಕು ವರ್ಷ ಹಿಡೀತು. ಗುಳಿಗಿ ಒಂದಿನದಾಗ ಹೊಂದತಾವೇನು?” ಚಂಪವ್ವ ನಕ್ಕಳು. ನಕ್ಕರೆ ಹಣೆ ಎಳೆಯುತ್ತಿತ್ತು, ಹಾಗಾಗಿ ಅರ್ಧ ಮುಖದಲ್ಲೇ ನಗುತ್ತಿದ್ದಳು. “ಇವತ್ತ ಸೊಪ್ಪು ಸೋಸೂವಾಗ ಒಂದ ನಮೂನಿ ಆತು ನೋಡು. ಬಾವ್ಯಾಗ ಇಳದಂಗ. ನೋವಲ್ಲ. ಆಮ್ಯಾಲ ಸರಿ ಹೋತು.”

“ಎಷ್ಟೊತ್ತಿಗೆ?”

“ಗಡಿಯಾರ ಯಾರು ನೋಡ್ತಾರ. ನಳಾ ಬಂದಿತ್ತು.”

ಆ ಓಣಿಯ ನಳದಲ್ಲಿ ಮಂಗಳವಾರ ನೀರು ಬರುವುದು ಹನ್ನೊಂದೂವರೆಗೆ. ದಾಕ್ಷಾಯಣಿ ಬಾಯಲ್ಲಿದ್ದ ತುತ್ತನ್ನು ಅಗಿಯುವುದು ಬಿಟ್ಟಳು. ಆಮೇಲೆ, ವಯಸ್ಸಾದವರಿಗೆ ದಿನಕ್ಕೆ ಹತ್ತು ನಮೂನೆ ಆಗುತ್ತದೆ ಎಂದುಕೊಂಡು ನುಂಗಿದಳು.

ಆ ಮನೆಯಲ್ಲಿದ್ದವರು ಇವರಿಬ್ಬರೇ. ದಾಕ್ಷಾಯಣಿಯ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ತವರಿನವರು ಕರೆಯಲು ಬಂದಾಗ ಚಂಪವ್ವ ಬಾಗಿಲಿಗೆ ಅಡ್ಡ ನಿಂತು, “ಆಕಿ ಇಲ್ಲೇ ಇರ್ತಾಳ, ಓದ್ತಾಳ” ಎಂದಿದ್ದಳು. ತಾನೇ ಕೈಹಿಡಿದು ಕರೆದೊಯ್ದು ಔಷಧಶಾಸ್ತ್ರದ ತರಗತಿಗೆ ಹೆಸರು ಹಚ್ಚಿಸಿದ್ದಳು. ದಾಕ್ಷಾಯಣಿಗೆ ಈ ಲೋಕದಲ್ಲಿ ತನ್ನವಳೆಂದು ಒಬ್ಬಳಿದ್ದರೆ ಅದು ಚಂಪವ್ವ. ಅತ್ತೆ ಹೋದರೆ ತಾನು ಯಾರ ಮನೆಯವಳು?

ಬುಧವಾರ ನರದ ಗುಳಿಗೆಯನ್ನು ಅರ್ಧಕ್ಕಿಳಿಸಿ ಓಡಿಸಿದಳು. ಪಡಿಮೈ ಅದೇ ಭಾನುವಾರ, ಅದೇ ಮೂರು ಇಪ್ಪತ್ತಕ್ಕೆ ಸತ್ತಿತು. ರಾತ್ರಿಯ ಗುಳಿಗೆ ತೆಗೆದಳು. ಸತ್ತಿತು. ಮೂರನೆಯ ಸಲ ಆ ಸಿಳ್ಳೆ ಕೇಳಲಾರದೆ ಸ್ಪೀಕರು ಆರಿಸಿದಳು. ಗುರುವಾರ ಐದನ್ನೂ ತೆಗೆದು ಬರಿಯ ಅನ್ನ ನೀರಿನ ಮೇಲೆ ಪಡಿಮೈಯನ್ನು ಓಡಿಸಿದಳು. ಔಷಧವೇ ಇಲ್ಲದ ಮೈ ಔಷಧದಿಂದ ಸಾಯುವುದುಂಟೆ? ಅದೂ ಸತ್ತಿತು. ನಿಮಿಷವೂ ಆಚೀಚೆಯಾಗಲಿಲ್ಲ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮೆಹರುನ್ನಿಸಾ ನದಾಫ ಮೊದಲು ಯಂತ್ರವನ್ನು ಬೈದರು. ಹೊಸದಾಗಿ ರಕ್ತ, ಹೊಸ ಕೂದಲು ತೆಗೆದು ಪಡಿಮೈಯನ್ನು ಮತ್ತೆ ಕಟ್ಟಿಸಿದರು. ಹೊಸದೂ ಹಾಗೆಯೇ ಸತ್ತಿತು. ಎರಡನೆಯ ವಾರದ ಹೊತ್ತಿಗೆ ಚಂಪವ್ವ ಹತ್ತು ಸಲ ಸತ್ತಿದ್ದಳು. ಮನೆಯಲ್ಲಿ ಅವಳು ನಡುನಡುವೆ ಕೆಲಸ ನಿಲ್ಲಿಸಿ ಗೋಡೆ ಹಿಡಿದು ನಿಲ್ಲುವುದನ್ನು ಪಕ್ಕದ ಮನೆಯವರು ದಾಕ್ಷಾಯಣಿಗೆ ಹೇಳಿದರು. ಆ ಹೊತ್ತುಗಳನ್ನು ಪಡಿಮೈ ಸತ್ತ ಹೊತ್ತುಗಳ ಜೊತೆ ಹೊಂದಿಸಿ ಅವಳು ಡಾಕ್ಟರಿಗೆ ಹೇಳಿದಳು.

“ಪಟ್ಟಿ ಬರೀ ಕೇಳಿಸ್ಕೋತದ, ದಾಕ್ಷಾಯಣಿ. ಅದು ಏನೂ ಹೇಳೂದಿಲ್ಲ. ಯಂತ್ರದಿಂದ ಮೈಗೆ ತಿರುಗಿ ಹೋಗೋ ದಾರೀನೇ ಅದಕ್ಕಿಲ್ಲ,” ಎಂದರು ಡಾಕ್ಟರು. ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ.

ಆ ದಿನ ಇಬ್ಬರೂ ಕೂತು ಸಾವಿನ ಹಿಂದಿನ ಅರ್ಧ ಗಂಟೆಯನ್ನು ಗೆರೆ ಗೆರೆಯಾಗಿ ಓದಿದರು. ಮೂರಕ್ಕೆ ಎರಡು ನಿಮಿಷವಿರುವಾಗ ನೋವು ಹತ್ತರಲ್ಲಿ ಒಂಬತ್ತಕ್ಕೆ ಏರುತ್ತಿತ್ತು. ಮೂರಕ್ಕೆ ಸರಿಯಾಗಿ ಕೈಯ ಚಲನೆಯ ಗೆರೆ ತಿರುಗುತ್ತಿತ್ತು. ಪಡಿಮೈಗೆ ಕೈ ಇಲ್ಲ, ಮಣಿಕಟ್ಟಿನ ನೆನಪು ಮಾತ್ರ ಇದೆ. ಆ ಮಣಿಕಟ್ಟು ಮೇಲ್ಮುಖವಾಗಿ, ಸ್ವಲ್ಪ ಕುಳಿಬಿದ್ದು, ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಗುಡಿಯಲ್ಲಿ ತೀರ್ಥಕ್ಕೆ ಕೈಯೊಡ್ಡುವುದು ಹಾಗೆ. ಮರುಕ್ಷಣ ಮೈಯೊಳಗೆ ಏನೋ ಇಳಿಯುತ್ತಿತ್ತು. ಯಂತ್ರ ಅದರ ಎದುರು ಬರೆದಿತ್ತು: ಹೆಸರಿಲ್ಲದ ವಸ್ತು.

“ಯಾರೋ ಕೊಡ್ತಾರ,” ಎಂದರು ಡಾಕ್ಟರು ಮೆಲ್ಲಗೆ. “ಕೂದಲಾಗ ತಿಂಗಳಿಗೊಮ್ಮೆ ಗೆರಿ ಐತಿ ನೋಡು. ಒಂದೂವರಿ ವರ್ಷದಿಂದ. ನಾವು ಗುಳಿಗಿ ಕೊಟ್ರೂ ತಗದ್ರೂ ಆ ದಿನ ನೋವು ಏರತದ, ನೋವು ಏರಿದ್ರ ಆಕಿ ಕೈ ಚಾಚ್ತಾಳ. ಆ ಭಾನುವಾರ ಏನೈತಿ?”

ದಾಕ್ಷಾಯಣಿ ಗೋಡೆಯ ಕ್ಯಾಲೆಂಡರು ನೋಡಿದಳು. ಕಪ್ಪು ಚುಕ್ಕೆ ಇತ್ತು. ಅಮಾವಾಸ್ಯೆ. ನೇಕಾರರ ಓಣಿಯಲ್ಲಿ ಅಂದು ಮಗ್ಗ ಮುಟ್ಟುವುದಿಲ್ಲ. ಮಗ್ಗ ನಿಂತ ದಿನ ಹೆಂಗಸರೆಲ್ಲ ಮೂಲೆಮನೆಯ ಶಿವಗಂಗವ್ವನ ಜಗಲಿಗೆ ಸೇರುತ್ತಾರೆ. ಹರಟೆಗೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಊರಿನ ಗುಳಿಗೆಯನ್ನೆಲ್ಲ ತೂಗಿ ನೋಡುವವಳಿಗೆ ತನ್ನ ಓಣಿಯದು ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು.

ಶಿವಗಂಗವ್ವ ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. ದಾಕ್ಷಾಯಣಿ ಕೇಳಿದ್ದೇ ತಡ, ಮುಚ್ಚುಮರೆಯಿಲ್ಲದೆ ಒಳಗಿನಿಂದ ಬಿಸ್ಕೀಟಿನ ಡಬ್ಬಿ ತಂದಿಟ್ಟಳು. ಡಬ್ಬಿಯ ತುಂಬ ಗುಳಿಗೆ. ಬೆಳ್ಳಿಕಾಗದ ಬಿಚ್ಚಿ ಹಾಕಿದ ಬಿಡಿ ಗುಳಿಗೆಗಳು. ಬಿಳಿ, ಹಳದಿ, ಗುಲಾಬಿ, ಹಸಿರು ಕ್ಯಾಪ್ಸೂಲು. ಓಣಿಯ ಹನ್ನೊಂದು ಹೆಂಗಸರ ಮನೆಯಲ್ಲಿ ಉಳಿದದ್ದೆಲ್ಲ ಅಲ್ಲಿತ್ತು. ಮಗ್ಗದ ಮುಂದೆ ಕೂತು ಕೂತು ಒಬ್ಬಳಿಗೆ ಕುತ್ತಿಗೆಯ ನರ, ಒಬ್ಬಳಿಗೆ ಬೆನ್ನು, ಒಬ್ಬಳಿಗೆ ಕೈ ಜೋಮು, ಎಲ್ಲರಿಗೂ ತಲೆನೋವು.

“ಇದು ಯಾರ ಗುಳಿಗಿ, ಯಾವುದಕ್ಕ ಅಂತ ಹೆಂಗ ಗೊತ್ತಾಗತೈತಿ ಅಮ್ಮಾ?”

“ಗೊತ್ತ ಯಾಕಾಗಬೇಕು? ನಾ ಕಣ್ಣ ಮುಚ್ಚಿ ಕೈ ಹಾಕ್ತೀನಿ. ಬಂದದ್ದು ಕೊಡ್ತೀನಿ. ಗುಳಿಗಿದಾಗ ಏನೈತಿ ಮಗಳ, ಕೊಡೋ ಕೈಯಾಗ ಐತಿ. ನನ್ನ ಕೈಗುಣ ಈ ಓಣಿಗೆ ಗೊತ್ತು. ನಾ ಒಂದು ಹಳ್ಳು ಕಲ್ಲಸಕ್ರಿ ಕೊಟ್ರೂ ನೋವು ಇಳೀತೈತಿ.”

“ಹಂಗಾರ ಕಲ್ಲಸಕ್ರೀನ ಕೊಡ್ರಿ. ಗುಳಿಗಿ ಬ್ಯಾಡ.”

ಸುತ್ತಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಶಿವಗಂಗವ್ವ ನಗಲಿಲ್ಲ. ದಾಕ್ಷಾಯಣಿ ಕೂತು, ಹಸಿರು ಕ್ಯಾಪ್ಸೂಲನ್ನು ಎತ್ತಿ ತೋರಿಸಿ, ಇದು ಬೆನ್ನುನೋವಿನದು, ಇದು ಆ ಬಿಳಿಯದರ ಜೊತೆ ಸೇರಿದರೆ ನಿದ್ದೆಯಲ್ಲೇ ಉಸಿರು ಮರೆತುಹೋಗುತ್ತದೆ ಎಂದು ಬಿಡಿಸಿ ಹೇಳಿದಳು. ಚಂಪವ್ವನ ಮೂತ್ರಪಿಂಡ ಸೋತಿದೆ, ನುಂಗಿದ್ದು ಅವಳ ಮೈಯಲ್ಲಿ ಮೂರು ದಿನ ಉಳಿಯುತ್ತದೆ ಎಂದಳು. ಹೆಂಗಸರ ನಗು ನಿಂತಿತು. ಶಿವಗಂಗವ್ವ ಡಬ್ಬಿಯನ್ನು ಅವಳ ಕಡೆ ನೂಕಿ, “ಒಯ್ಯಿ. ಕೈ ಮಾತ್ರ ಒಯ್ಯಾಕಾಗೂದಿಲ್ಲ ನಿನಗ,” ಎಂದಳು.

ಡಬ್ಬಿ ಕೇಂದ್ರದ ಬೀರುವಿನಲ್ಲಿ ಬೀಗದೊಳಗೆ ಹೋಯಿತು. ಅಂದೇ ಹನ್ನೊಂದನೆಯ ಸಲ ಓಡಿಸಿದರು. ಪಡಿಮೈ ಮೂರಕ್ಕೆ ಕೈಯೊಡ್ಡಿತು, ಮೂರು ಇಪ್ಪತ್ತಕ್ಕೆ ಸತ್ತಿತು.

“ಡಬ್ಬಿ ಹೋದದ್ದು ಕೂದಲಿಗೆ ಗೊತ್ತಿಲ್ಲ,” ಎಂದರು ಡಾಕ್ಟರು. “ನೀ ಆ ದಿನ ಮನಿ ಬಿಟ್ಟು ಕದಲಬ್ಯಾಡ. ನೋವು ತಡೀಲಾರದಂಗ ಆದ್ರ ನರದ ಗುಳಿಗಿ ಒಂದ, ಒಂದೇ ಒಂದು ಕೊಡು. ಅದು ಒಂದ ಆಕಿಗೆ ಏನೂ ಮಾಡೂದಿಲ್ಲ.”

ಅಮಾವಾಸ್ಯೆ ಬಂತು. ಮಗ್ಗಗಳ ಸದ್ದಿಲ್ಲದೆ ಓಣಿ ಕಿವಿ ಮುಚ್ಚಿಕೊಂಡಂತಿತ್ತು. ದಾಕ್ಷಾಯಣಿ ಬೆಳಗಿನಿಂದ ಅತ್ತೆಯ ಪಕ್ಕ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಶಿವಗಂಗವ್ವ ಬಂದಳು. ಬರಿಗೈ. ಸೊಂಟದ ಚೀಲದಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಚಿ ಚಂಪವ್ವನ ಬಾಯಿಗೆ ತಾನೇ ಇಟ್ಟಳು. ದಾಕ್ಷಾಯಣಿಗೂ ಒಂದು ಕೊಟ್ಟಳು. ಎಷ್ಟೋ ಹೊತ್ತು ಮಳೆಯ ಮಾತು, ಸೊಸೆಯಂದಿರ ಮಾತು ಆಡಿ ಎದ್ದು ಹೋದಳು. ಎಲೆಅಡಿಕೆಗೆ ಬೇಡವೆನ್ನುವುದು ಹೇಗೆ? ಆ ಊರಿನಲ್ಲಿ ಅದು ಜಗಳಕ್ಕೆ ಕರೆದಂತೆ.

ಎರಡೂವರೆಗೆ ನೋವು ಎದ್ದಿತು. ಚಂಪವ್ವ ಮೊದಲು ಹಲ್ಲು ಕಚ್ಚಿದಳು, ಆಮೇಲೆ ನರಳಿದಳು, ಆಮೇಲೆ ಗೋಡೆಗೆ ಬಲ ಹಣೆಯನ್ನು ಒತ್ತಿ ಎಳೆಮಗುವಿನಂತೆ ಅತ್ತಳು. ಆ ಹೆಂಗಸು ಮಗನ ಹೆಣದ ಮುಂದೆಯೂ ಗಟ್ಟಿಯಾಗಿ ಅತ್ತವಳಲ್ಲ. ದಾಕ್ಷಾಯಣಿ ಗುಳಿಗೆ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಕೊಡುವ ಮುನ್ನ ಡಾಕ್ಟರಿಗೆ ಫೋನು ಮಾಡಿದಳು. ಅವರು ಕೇಂದ್ರದಲ್ಲೇ ಇದ್ದರು.

“ತಡಿ,” ಎಂದರು ಅವರು. “ಪಟ್ಟಿಯಿಂದ ಈಗ ಬರತಿರೋದನ್ನ ಸೇರಿಸಿ ಒಮ್ಮಿ ಓಡಿಸ್ತೀನಿ.”

ಅದೇ ಹೊತ್ತಿಗೆ ಚಂಪವ್ವ ಗೋಡೆ ಬಿಟ್ಟು ಇತ್ತ ತಿರುಗಿದಳು. ಕಣ್ಣುಗಳು ಎಲ್ಲೋ ನೋಡುತ್ತಿದ್ದವು. ತುಟಿ ಅಲುಗಿತು, ಏನೋ ಅಂದಳು. ದಾಕ್ಷಾಯಣಿ ಕಿವಿಗೆ ಫೋನು ಒತ್ತಿಕೊಂಡೇ ಸ್ವಲ್ಪ ಇರಿ ಎಂದು ಕೈ ಮಾಡಿದಳು.

“ದಾಕ್ಷಾಯಣಿ,” ಡಾಕ್ಟರ ದನಿ ಬದಲಾಗಿತ್ತು. “ಸತ್ತಳು. ಅದೇ ಹೊತ್ತಿಗೆ. ಆದ್ರ ಈ ಸಲ ಮೂರಕ್ಕ ಕೊಟ್ಟದ್ದಕ್ಕ ಹೆಸರೈತಿ. ನಮ್ಮದ ಗುಳಿಗಿ. ನಿನ್ನ ಕೈಯಾಗಿರೋದು.”

ದಾಕ್ಷಾಯಣಿ ತಲೆ ಎತ್ತಿದಳು. ಚಂಪವ್ವ ಬಲಗೈಯನ್ನು ಮುಂದಕ್ಕೆ ಚಾಚಿದ್ದಳು. ಅಂಗೈ ಮೇಲ್ಮುಖವಾಗಿ, ಸ್ವಲ್ಪ ಕುಳಿಬಿದ್ದಿತ್ತು. ಗೋಡೆಯ ಗಡಿಯಾರದಲ್ಲಿ ಮೂರು.

“ಕೊಡವಾ,” ಎಂದಳು. “ನಿನ್ನ ಕೈಲೆ ಕೊಡು.”

ಇಷ್ಟು ದಿನ ಪರದೆಯ ಮೇಲೆ ಕೊಡುವ ಕೈ ಯಾರದೆಂದು ಹುಡುಕಿದ್ದಳು. ಈಗ ಅದು ತನ್ನ ತೋಳಿನ ತುದಿಯಲ್ಲೇ ಇತ್ತು. ಅವಳು ಮುಷ್ಟಿ ಬಿಗಿದಳು. ಕೇಳಿದಳು: “ಅತ್ತಿ, ಮಧ್ಯಾಹ್ನ ಎಲಿಯಾಗ ಏನಿತ್ತು?”

ಚಂಪವ್ವ ಎಡಗೈಯಿಂದ ತುಟಿಯ ಕೆಂಪನ್ನು ಒರೆಸಿಕೊಂಡಳು.

“ಹೇಳ್ರಿ. ನಾ ಸಿಟ್ಟಾಗೂದಿಲ್ಲ.”

“ಎರಡಿದ್ದವು. ಹಸರಂದು ಒಂದು, ಸಣ್ಣಂದೊಂದು. ಡಬ್ಬಿ ಒಯ್ಯೂ ಮುಂಚೆ ನನ್ನ ಪಾಲಿಂದು ಎತ್ತಿಟ್ಟಿದ್ಲು ಗಂಗವ್ವ. ಆಕಿ ಮ್ಯಾಲ ಬಯ್ಯಬ್ಯಾಡ. ನಾನ ಬೇಡಿದ್ದು.” ಮಾತು ತೊದಲುತ್ತಿತ್ತು. “ನಿದ್ದಿ ಬರಾಕತ್ತೇತಿ. ನೋವು ಮಾತ್ರ ಮಲಗವಲ್ದು. ಒಂದ ಕೊಡು ತಾಯಿ.”

ಬೇಡುವ ಕೈಗೆ ಕೊಡದೆ ಕೂರುವುದು ಎಷ್ಟು ಕಷ್ಟವೆಂದು ಕೂತವರಿಗೇ ಗೊತ್ತು. ದಾಕ್ಷಾಯಣಿ ಗುಳಿಗೆಯನ್ನು ಬಚ್ಚಲಿಗೆ ಎಸೆದು ಬಂದಳು. ಆಂಬುಲೆನ್ಸಿಗೆ ಹೇಳಿದಳು. ಅತ್ತೆಯನ್ನು ಎಬ್ಬಿಸಿ ಕೂರಿಸಿ, ಕೆನ್ನೆ ತಟ್ಟಿ, ಮದುವೆಯಾದ ವರ್ಷ ಯಾವುದು, ಮೊದಲು ನೇಯ್ದ ಸೀರೆಯ ದಡಿ ಯಾವ ಬಣ್ಣ ಎಂದು ಕೇಳುತ್ತಲೇ ಹೋದಳು. ಆಂಬುಲೆನ್ಸಿನಲ್ಲಿ ಉಸಿರು ನಿಮಿಷಕ್ಕೆ ಒಂಬತ್ತಕ್ಕೆ ಇಳಿಯಿತು. ಎಂಟಕ್ಕೆ ಇಳಿಯಿತು. ಮೂಗಿಗೆ ಆಮ್ಲಜನಕ ಹಿಡಿದರು, ತೋಳಿಗೆ ಇಂಜೆಕ್ಷನ್ ಚುಚ್ಚಿದರು. ಮೂರು ಇಪ್ಪತ್ತು ಬಂತು. ಸಿಳ್ಳೆಯ ಸಣ್ಣ ಸದ್ದು ನಿಂತು, ದಾಕ್ಷಾಯಣಿ ಏಳರವರೆಗೆ ಎಣಿಸಿದ ಮೇಲೆ ಮತ್ತೆ ಬಂತು. ಮೂರು ಇಪ್ಪತ್ತೊಂದಾಯಿತು. ಅವಳು ಆಂಬುಲೆನ್ಸಿನ ನೆಲದ ಮೇಲೆ ಕುಸಿದು ಕೂತು ಅತ್ತಳು.

ನಾಲ್ಕನೆಯ ದಿನ ಚಂಪವ್ವ ಮನೆಗೆ ಬಂದಳು. ಡಬ್ಬಿಯ ಗುಟ್ಟನ್ನೆಲ್ಲ ಯಂತ್ರಕ್ಕೆ ತಿಳಿಸಿದ ಮೇಲೆ ಐದರ ಜಾಗದಲ್ಲಿ ಎರಡೇ ಗುಳಿಗೆ ಸಾಕೆಂದು ಗೊತ್ತಾಯಿತು. ದಿನವೂ ನುಂಗುತ್ತಿದ್ದ ತಲೆನೋವಿನ ಗುಳಿಗೆಯೇ ತಲೆನೋವನ್ನು ಎಬ್ಬಿಸುತ್ತಿತ್ತು, ಅದು ನಿಂತಿತು. ಪಡಿಮೈ ಮೂವತ್ತು ದಿನ ನೆಮ್ಮದಿಯಾಗಿ ಉಸಿರಾಡಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕೇಂದ್ರಕ್ಕೆ ಬಂದು ಕೂದಲು ಕೊಟ್ಟರು. ಎಲ್ಲರಿಗಿಂತ ಮುಂದೆ, ತಲೆ ತಗ್ಗಿಸಿಕೊಂಡು, ಶಿವಗಂಗವ್ವ.

ಆ ಸಂಜೆ ಚಂಪವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತು ಮಣಿಕಟ್ಟು ಮುಂದೆ ಮಾಡಿದಳು. “ಇದನ್ನ ಬಿಚ್ಚು.”

“ಇನ್ನ ಎರಡು ವಾರ ಇರಬೇಕು ಅತ್ತಿ.”

“ಬಿಚ್ಚಂದ್ರ ಬಿಚ್ಚು.”

ದಾಕ್ಷಾಯಣಿ ಪಟ್ಟಿ ಬಿಚ್ಚಿದಳು. ಚರ್ಮದ ಮೇಲೆ ಬಿಳಿಯ ಗುರುತು ಕೂತಿತ್ತು. ಚಂಪವ್ವ ಅದನ್ನು ಉಜ್ಜಿಕೊಂಡಳು.

“ಆ ಯಂತ್ರದಾಗ ನನ್ನ ಎಷ್ಟು ಸಲ ಸಾಯಿಸಿದ್ರಿ?”

ಆಸ್ಪತ್ರೆಯಲ್ಲಿ ಯಾರೋ ಹೇಳಿರಬೇಕು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ಹನ್ನೊಂದು ಸಲ,” ಎಂದಳು ದಾಕ್ಷಾಯಣಿ. “ಅದು ನೀವಲ್ಲ ಅತ್ತಿ. ಬರೀ ಅಂಕಿ.”

“ಹನ್ನೆರಡು.”

ದಾಕ್ಷಾಯಣಿ ಬಾಯಿ ತೆರೆದವಳು ಮನಸ್ಸಿನಲ್ಲೇ ಎಣಿಸಿದಳು. ಅಮಾವಾಸ್ಯೆಯ ದಿನ ಡಾಕ್ಟರು ಫೋನಿನಲ್ಲಿ ಓಡಿಸಿದ್ದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹನ್ನೆರಡೇ. ಆ ಮಾತನ್ನು ಅವಳಾಗಲಿ ಡಾಕ್ಟರಾಗಲಿ ಯಾರಿಗೂ ಹೇಳಿರಲಿಲ್ಲ.

“ಸಿಟ್ಟಿಲ್ಲ ನನಗ,” ಎಂದಳು ಚಂಪವ್ವ. ದನಿಯಲ್ಲಿ ನಿಜಕ್ಕೂ ಸಿಟ್ಟಿರಲಿಲ್ಲ. “ನೀ ಉಳಿಸಿದಿ, ನ್ಯಾಯ ಹೇಳಬೇಕು. ಆದ್ರ ಒಂದೊಂದು ಸಲಾನೂ ಕತ್ತಲಿ ಇತ್ತು, ನೋವಿತ್ತು. ಪ್ರತಿ ಸಲ ನಿನ್ನ ಹೆಸರು ಹಿಡದು ಕರದೆ. ನೀ ಬಾಜೂಕ ಇದ್ದಿ, ನನಗ ಗೊತ್ತಾಗತಿತ್ತು. ಒಂದ ಸಲಾನೂ ಓ ಅನ್ನಲಿಲ್ಲ.”